ಹಕಾರದ ಕಳ್ಳ

ಗುಂಡಿ ಒತ್ತಿದೆ. ಏನೂ ಕೇಳಲಿಲ್ಲ.

ಇನ್ನೊಮ್ಮೆ ಒತ್ತಿದೆ. ಪುಟ್ಟ ಹಸಿರು ದೀಪ ಹೊತ್ತಿಕೊಂಡು ಆರಿತು, ಅಷ್ಟೆ. ಗಾಜಿನ ಬೂತಿನ ಬುಡದಲ್ಲಿದ್ದ ಕಬ್ಬಿಣದ ಮುಚ್ಚಳ ತೆಗೆದು ನೋಡಿದೆ. ಯಂತ್ರ ಇತ್ತು, ತಂತಿ ಇತ್ತು. ಯಂತ್ರದೊಳಗೆ ಇರಬೇಕಾದ ಕಾರ್ಡು ಇರಲಿಲ್ಲ. ಉಗುರಿನಷ್ಟಗಲದ ಆ ಕಾರ್ಡಿನಲ್ಲಿ ನಮ್ಮ ಅರಬ್ಬಿ ಮೇಷ್ಟ್ರ ದನಿ ಇತ್ತು.

ಧ್ವನಿಮುದ್ರಣದ ಉಸ್ತುವಾರಿ ಮೈಕಣ್ಣನದು. ಅಪ್ಪ ಅಮ್ಮ ಇಟ್ಟ ಹೆಸರೇನೋ, ಸದಾ ಕೊರಳಿಗೆ ತಂತಿ ಸುತ್ತಿಕೊಂಡಿರುವುದರಿಂದ ಎಲ್ಲರಿಗೂ ಅವನು ಮೈಕಣ್ಣ. ಕೂಗಿದ್ದಕ್ಕೆ ಓಡಿಬಂದವನು ಗಾಬರಿಯಾಗಲಿಲ್ಲ. ಇನ್ನೊಂದು ಪ್ರತಿ ಇದೆ, ಡಬ್ಬಿಯಲ್ಲಿ ಭದ್ರವಾಗಿದೆ ಎಂದ. ಡಬ್ಬಿ ಎಲ್ಲಿ? ಅವನ ಮೇಜಿನ ಡ್ರಾಯರಿನಲ್ಲಿ. ಡ್ರಾಯರು ಎಳೆದ — ಡಬ್ಬಿಯೇ ಇಲ್ಲ.

"ಕಂಪ್ಯೂಟರಿನಲ್ಲಿ?" ಎಂದೆ.

"ಜಾಗ ಸಾಲಲ್ಲ ಅಂತ ಅಳಿಸಿಬಿಟ್ಟೆ. ಎರಡೆರಡು ಕಾರ್ಡು ಇದೆಯಲ್ಲ ಅಂತ..."

ಒಂದು ಕಾಣದಿದ್ದರೆ ಮರೆವು. ಎರಡೂ ಕಾಣದಿದ್ದರೆ? ಕಳವು.

ಮರುದಿನ ಬೆಳಿಗ್ಗೆ ನಮ್ಮ ಮ್ಯೂಸಿಯಂನಲ್ಲಿ ಹೊಸ ಪ್ರದರ್ಶನ ಶುರುವಾಗಬೇಕಿತ್ತು. ಮರಳುಗಾಡಿನಲ್ಲಿ ಸುಮಾರು ಎರಡು ಸಾವಿರ ವರ್ಷದಿಂದ ನಿಂತಿರುವ ಒಂದು ಪಾಳು ನಗರದ ಆಳೆತ್ತರದ ಫೋಟೋಗಳು, ಅದರ ಕಂಬ ಕಮಾನುಗಳ ಮಾದರಿಗಳು. ಹೊರಗಿನವರು ಆ ಊರನ್ನು ಹತ್ರಾ ಎನ್ನುತ್ತಾರೆ. "ಹೆಸರು ಹತ್ರ, ಊರು ಮಾತ್ರ ದೂರ" ಎಂದು ಮೈಕಣ್ಣ ಹೇಳಿದ್ದೇ ಹೇಳಿ ನಮ್ಮ ತಲೆ ತಿಂದಿದ್ದ. ಅರಬ್ಬಿಯಲ್ಲಿ ಅದರ ಹೆಸರು ಅಲ್-ಹದ್ರ್. ನಮ್ಮ ಅಕ್ಷರದಲ್ಲಿ ಹೀಗೆ ಬರೆಯುವಾಗಲೇ ಅದು ಅರ್ಧ ಸುಳ್ಳು.

ಫಲಕ ಬರೆಯುವವಳು ನಾನು. ಆ ಪಾಡು ನನಗೇ ಗೊತ್ತು. ಅರಬ್ಬಿಯಲ್ಲಿ ಐದೇ ಅಕ್ಷರ, ಇಡೀ ಹೆಸರಿಗೆ ಒಂದೇ ಒಂದು ಚುಕ್ಕೆ. ಮೊದಲ ಸಲ ಆ ಚುಕ್ಕೆಯನ್ನು ಪಕ್ಕದ ಅಕ್ಷರದ ತಲೆಯ ಮೇಲಿಟ್ಟೆ. ಮೇಷ್ಟ್ರು ಬಾಗಿಲಲ್ಲಿ ನಿಂತೇ ತಲೆ ಅಡ್ಡಡ್ಡ ಆಡಿಸಿದರು. ಎರಡನೆಯ ಸಲ ಚುಕ್ಕೆಯನ್ನೇ ಮರೆತೆ. ಅದು ಮುಗಿಯಿತೆಂದರೆ ನಮ್ಮ ಲಿಪಿಯ ರಗಳೆ. ನಮ್ಮ ದ ಅವರ ದ ಅಲ್ಲ. ನಾಲಿಗೆಯ ಅಂಚು ದವಡೆ ಹಲ್ಲಿಗೆ ಒತ್ತಿ ದನಿ ಭಾರವಾಗಬೇಕು. ನಮ್ಮ ಹ ಅಂತೂ ಅವರ ಹ ಅಲ್ಲವೇ ಅಲ್ಲ.

"ನಗುವಾಗ ಬರೋ ಹ ಅಲ್ಲಮ್ಮ ಇದು," ಎನ್ನುತ್ತಿದ್ದರು ಮೇಷ್ಟ್ರು. "ಕನ್ನಡಕ ಒರೆಸೋಕೆ ಮುಂಚೆ ಗಾಜಿನ ಮೇಲೆ ಉಸಿರು ಬಿಡ್ತೀಯಲ್ಲ? ಆ ಉಸಿರು ಗಂಟಲಿನ ಆಳದಿಂದ ಬರಬೇಕು. ಅದು ಹ." ಹೇಳಿ, ತಮ್ಮ ಕನ್ನಡಕ ತೆಗೆದು ಉಸಿರು ಬಿಟ್ಟು, ಮಸುಕಾದ ಗಾಜನ್ನು ನನಗೆ ತೋರಿಸಿ, ಒರೆಸಿ ಹಾಕಿಕೊಳ್ಳುತ್ತಿದ್ದರು.

ಜೀವಮಾನವಿಡೀ ಅರಬ್ಬಿ ಕಲಿಸಿದ ಮನುಷ್ಯ. ಬರೆದು ತಿಳಿಸಲಾಗದ್ದನ್ನು ಕೇಳಿಸಿಯೇ ತಿಳಿಸೋಣ ಎಂದು ಗಾಜಿನ ಬೂತು ಮಾಡಿದ್ದೂ ಅವರ ಸಲಹೆಯಿಂದಲೇ. ಗುಂಡಿ ಒತ್ತಿದರೆ ಮೇಷ್ಟ್ರು ಹೆಸರು ಹೇಳುತ್ತಾರೆ, ಹೇಳುವುದು ಹೇಗೆಂದು ಕಲಿಸುತ್ತಾರೆ. ನೀವು ತಿರುಗಿ ಹೇಳಬೇಕು. ಅಷ್ಟರಲ್ಲಿ ಅವರ ಗಂಟಲಿನಲ್ಲಿ ಗಡ್ಡೆ ಕಾಣಿಸಿಕೊಂಡಿತು. ಆಪರೇಷನ್ನಿಗೆ ಮೊದಲು ಅವಸರದಲ್ಲಿ ಮೈಕಣ್ಣನ ಸ್ಟುಡಿಯೋದಲ್ಲಿ ಅವರ ದನಿ ಮುದ್ರಿಸಿಕೊಂಡೆವು. ಈಗ ಅವರಿಗೆ ದನಿಯಿಲ್ಲ. ಇನ್ನು ಬರುವುದೂ ಇಲ್ಲ. ಉಸಿರಾಡುವುದು ಕತ್ತಿನಲ್ಲಿ ಮಾಡಿರುವ ಸಣ್ಣ ತೂತಿನಿಂದ. ಅದರ ಮೇಲೊಂದು ಬಿಳಿ ಬಟ್ಟೆ. ಯಾರಾದರೂ ಫೋನು ಎತ್ತಿ ಹಿಡಿದರೆ ಎದ್ದು ಹೋಗುವ ಜಾತಿಯವರಾದ್ದರಿಂದ ಅವರ ಮಾತು ಬೇರೆಲ್ಲೂ ಉಳಿದಿರಲಿಲ್ಲ. ಕಳುವಾದದ್ದು ಬರೀ ಎರಡು ಕಾರ್ಡಲ್ಲ, ಒಬ್ಬ ಮನುಷ್ಯನ ದನಿ.

ಮ್ಯೂಸಿಯಂ ಮುಖ್ಯಸ್ಥರು ಸುದ್ದಿ ಕೇಳಿ ಕುರ್ಚಿಯಲ್ಲಿ ಕುಸಿದರು. ಪೊಲೀಸರಿಗೆ ಹೇಳಿದರೆ ನಾಳೆಯ ಪತ್ರಿಕೆಯಲ್ಲಿ ಪ್ರದರ್ಶನದ ಬದಲು ಕಳ್ಳತನವೇ ಬರುತ್ತದೆಂಬ ಹೆದರಿಕೆ. ಸಂಜೆಯೊಳಗೆ ಸಿಗದಿದ್ದರೆ, ಉಳಿದ ವಿವರಣೆ ಓದಿದ ವಾರ್ತಕ್ಕನ ದನಿಯಲ್ಲೇ ಮುದ್ರಿಸಿಬಿಡೋಣ ಎಂದರು.

"ನಮ್ಮ ಸೋದರತ್ತೆಯನ್ನ ಒಂದು ಸಲ ಕರೆಸಿ ನೋಡೋಣ ಸಾರ್," ಎಂದೆ.

ಅತ್ತೆ ವಿಮೆ ಕಂಪನಿಯಲ್ಲಿ ಕ್ಲೇಮು ತನಿಖೆ ಮಾಡಿ ನಿವೃತ್ತಳಾದವಳು. ತಾನಾಗಿ ಸುಟ್ಟ ಅಂಗಡಿ ಯಾವುದು, ಬೇಕೆಂದೇ ಸುಟ್ಟದ್ದು ಯಾವುದು ಎಂದು ಬೂದಿ ನೋಡಿ ಹೇಳುತ್ತಿದ್ದಳು. ಎಡಗಿವಿ ಪೂರ್ತಿ ಕೇಳದು, ಬಲಗಿವಿಗೆ ಯಂತ್ರ. ಆ ಯಂತ್ರಕ್ಕೆ ಮಾತು ಯಾವುದು, ಫ್ಯಾನು ಯಾವುದು ಎಂಬ ಭೇದವಿಲ್ಲ, ಎಲ್ಲವನ್ನೂ ದೊಡ್ಡದು ಮಾಡಿ ಕೊಡುತ್ತದೆ. ನಮಗೆ ಕೇಳಿಸದ ಗೋಡೆ ಗಡಿಯಾರ ಅತ್ತೆಗೆ ಸುತ್ತಿಗೆ ಬಡಿದ ಹಾಗೆ ಕೇಳುತ್ತದಂತೆ.

ಬಂದವಳೇ ಬೂತಿನೊಳಗೆ ಹೋಗಿ ರಬ್ಬರು ಹಾಸು ಎತ್ತಿ ಕೊಡವಿದಳು, ಮೂಲೆ ಮೂಲೆ ತಡಕಿದಳು. ಆಮೇಲೆ ಒಬ್ಬೊಬ್ಬರನ್ನೇ ಕೂರಿಸಿಕೊಂಡಳು.

"ನಿನ್ನೆ ಸಂಜೆ ಇಲ್ಲಿ ಯಾರ್ಯಾರು ಇದ್ರು?"

ಮೈಕಣ್ಣ ಬೆರಳು ಮಡಚಿದ. ತಾನು, ಮುಖ್ಯಸ್ಥರು, ವಾರ್ತಕ್ಕ, ಬೂತಿಗೆ ತಂಪು ಯಂತ್ರ ಕೂರಿಸಲು ಬಂದಿದ್ದ ಮೇಷ್ಟ್ರ ಮಗ. ಡ್ರಾಯರಿಗೆ ಬೀಗ ಹಾಕುವ ಅಭ್ಯಾಸ ಅವನಿಗಿಲ್ಲ. ಬೀಗದ ಕೈ ಡ್ರಾಯರಿನ ಒಳಗೇ ಇತ್ತು.

"ಕಾರ್ಡು ಹೋದ್ರೆ ಯಾರಿಗೆ ಲಾಭ?"

ಮೈಕಣ್ಣನ ಕಣ್ಣು ವಾರ್ತಕ್ಕನ ಕಡೆ ಹೋಯಿತು.

ವಾರ್ತಕ್ಕ ಎಂದರೆ ರೇಡಿಯೋದಲ್ಲಿ ವಾರ್ತೆ ಓದುವಾಕೆ. ಪ್ರದರ್ಶನದ ಉಳಿದೆಲ್ಲ ವಿವರಣೆ ಓದಿದ್ದು ಆಕೆಯೇ. ಊರಿನ ಹೆಸರನ್ನೂ ಮೊದಲು ಆಕೆಯೇ ಹೇಳಿದ್ದು. ಅದನ್ನು ಕೇಳಿದ ಮೇಷ್ಟ್ರು "ಇದು ಕೆಮ್ಮಿದ ಹಾಗಿದೆ" ಎಂದು ಎಲ್ಲರೆದುರು ಹೇಳಿಬಿಟ್ಟಿದ್ದರು. ಅತ್ತೆ ಇನ್ನೂ ಪ್ರಶ್ನೆ ಕೇಳಿರಲೇ ಇಲ್ಲ, ಆಗಲೇ ಆಕೆ ತನ್ನ ಕೈಚೀಲವನ್ನು ಮೇಜಿನ ಮೇಲೆ ಸುರಿದಳು. "ನೋಡ್ಕೊಳ್ಳಿ. ನಾನು ತಗೊಂಡಿಲ್ಲ." ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ನನಗಂತೂ ಅನುಮಾನ ಗಟ್ಟಿಯಾಯಿತು.

"ಸಿಟ್ಟು ಬಂದಿರಲಿಲ್ವಾ?" ಎಂದಳು ಅತ್ತೆ.

"ಬಂದಿತ್ತು. ಮನೆಗೆ ಹೋಗಿ ಕನ್ನಡಿ ಮುಂದೆ ನಿಂತು ಅವರು ಹೇಳಿದ ಹಾಗೇ ಉಸಿರು ಬಿಟ್ಟೂ ಬಿಟ್ಟೂ ಸಾಕಾಯ್ತು. ನನಗೆ ಬರಲ್ಲ. ಅವರಿಗೆ ಬರ್ತಿತ್ತು. ಕದ್ದು ಏನು ಮಾಡ್ಲಿ?"

ಮುಖ್ಯಸ್ಥರ ವಿಚಾರಣೆ ನಡೆದಿದ್ದಾಗ ಮೇಷ್ಟ್ರ ಮಗ ಉಪಕರಣದ ಚೀಲ ಹೊತ್ತು ಬಂದ. ಅವನದು ಫ್ರಿಜ್ ರಿಪೇರಿ ಅಂಗಡಿ. ಮೇಲಿನ ಮಹಡಿಯಲ್ಲಿ ಅಪ್ಪನ ಜೊತೆ ಮನೆ. ನಮಗೆಲ್ಲ ಪರಿಚಯದವನೇ. ಆಪರೇಷನ್ನಿಗೆ ಮೊದಲು, ಮೇಷ್ಟ್ರು ಎಂದುಕೊಂಡು ಫೋನಿನಲ್ಲಿ ಅರ್ಧ ಗಂಟೆ ಅಕ್ಷರದ ಗೋಳು ಹೇಳಿಕೊಂಡ ಮೇಲೆ, "ಅಪ್ಪ ಮಲಗಿದ್ದಾರೆ, ನಾನು ಮಗ. ನಿಮ್ಮ ಫ್ರಿಜ್ಜು ಚೆನ್ನಾಗಿದೆ ತಾನೆ?" ಎಂದು ಕೇಳಿ ನನ್ನ ಮಾನ ತೆಗೆದವನು.

ಸುದ್ದಿ ಕೇಳಿ ಅವನ ಮುಖ ಬಾಡಿತು. ಅಪ್ಪನಿಗೆ ಹೇಳಬೇಡಿ ಎಂದಷ್ಟೇ ಬೇಡಿಕೊಂಡ. ಮುಖ್ಯಸ್ಥರು ತಮ್ಮ ಸಂಕಟವನ್ನೆಲ್ಲ ಅವನ ತಂಪು ಯಂತ್ರದ ಮೇಲೆ ತೀರಿಸಿಕೊಂಡರು. ಅದರ ಗುಂಯ್‌ ಎನ್ನುವ ಶಬ್ದದಲ್ಲಿ ಜನಕ್ಕೆ ಏನು ಕೇಳಿಸೀತು ಎಂದು ರೇಗಿದರು.

"ಯಾವ ಶಬ್ದ ಸಾರ್?" ಎಂದ ಅವನು ಅಮಾಯಕವಾಗಿ. ಆದರೂ ಬೂತಿನೊಳಗೆ ಮಂಡಿಯೂರಿ ಒಂದಿಷ್ಟು ತಿರುಪು ಬಿಗಿ ಮಾಡಿ ಹೋದ.

ಮಧ್ಯಾಹ್ನ ಊಟ ಮುಗಿಸಿ ಬರುವಷ್ಟರಲ್ಲಿ ಮೈಕಣ್ಣ ಎರಡೂ ಕೈ ಮೇಲೆತ್ತಿ ಕುಣಿಯುತ್ತಿದ್ದ. ಸಿಕ್ಕಿತಂತೆ! ಬೂತಿನ ರಬ್ಬರು ಹಾಸಿನ ಅಡಿಯಲ್ಲೇ ಬಿದ್ದಿತ್ತಂತೆ!

ಯಂತ್ರಕ್ಕೆ ಹಾಕಿ ಗುಂಡಿ ಒತ್ತಿದ. "ಅಲ್-ಹದ್ರ್," ಎಂದರು ಮೇಷ್ಟ್ರು. ಆಮೇಲೆ ನಿಧಾನಕ್ಕೆ ಕನ್ನಡಕದ ಪಾಠ, ದವಡೆ ಹಲ್ಲಿನ ಪಾಠ, ಮತ್ತೆ "ಅಲ್-ಹದ್ರ್." ನನ್ನ ಕಣ್ಣಲ್ಲಿ ನೀರು ಬಂತು. ವಾರ್ತಕ್ಕ ನನ್ನ ತೋಳು ಹಿಡಿದುಕೊಂಡು ಅತ್ತೇಬಿಟ್ಟಳು. ಅವಳ ಮೇಲೆ ಅನುಮಾನಪಟ್ಟಿದ್ದಕ್ಕೆ ನನಗೆ ನಾಚಿಕೆಯಾಯಿತು. ಮುಖ್ಯಸ್ಥರು ಅತ್ತೆಗೆ ಕೈಮುಗಿದು, ಸಿಕ್ಕಿತಲ್ಲ, ಇನ್ನು ತನಿಖೆ ಸಾಕು ಎಂದರು.

ಅತ್ತೆ ಮಾತ್ರ ಹಾಸನ್ನೇ ನೋಡುತ್ತಿದ್ದಳು. "ಬೆಳಿಗ್ಗೆ ಇದನ್ನ ಕೊಡವಿದ್ದು ನಾನೇ," ಎಂದಳು. "ಆಗ ಒಂದು ಹಿಡಿ ಧೂಳು ಬಿತ್ತು. ಕಾರ್ಡು ಬೀಳಲಿಲ್ಲ. ಮೈಕಣ್ಣ, ಇದನ್ನ ಹೆಡ್‌ಫೋನಿನಲ್ಲಿ ಕೇಳಿಸಪ್ಪ."

ಅತ್ತೆ ಬಲಗಿವಿಗೆ ಹೆಡ್‌ಫೋನು ಹಿಡಿದು ಕೂತಳು. ಪಾಠ ಮುಗಿಯುವಷ್ಟು ಹೊತ್ತಾಯಿತು. ಅತ್ತೆ ಏಳಲಿಲ್ಲ. ಮೈಕಣ್ಣ ಅವಳ ಭುಜ ತಟ್ಟಿ, ಮುಗಿಯಿತು, ಇನ್ನು ಬರೀ ಮೌನ ಎಂದ. ಅವಳು ಕೈಯೆತ್ತಿ ತಡೆದಳು. ಹುಬ್ಬು ಮೇಲೇರಿತು. ಆಮೇಲೆ ಹೆಡ್‌ಫೋನು ಕೆಳಗಿಟ್ಟು ಕೇಳಿದಳು: "ಮಾತು ಮುಗಿದ ಮೇಲೂ ಅಷ್ಟು ಹೊತ್ತು ಖಾಲಿ ಯಾಕೆ ಬಿಟ್ಟಿದ್ದೀರಿ?"

ಅದು ಕಸುಬಿನ ಕ್ರಮ ಎಂದು ಮೈಕಣ್ಣ ವಿವರಿಸಿದ. ಮುದ್ರಣ ಮುಗಿದ ಮೇಲೆ ಎಲ್ಲರೂ ಅಲ್ಲಾಡದೆ ಕೂರಬೇಕು; ಆ ಕೋಣೆಯ ಮೌನವನ್ನೂ ಹಿಡಿದಿಡಬೇಕು. ಮುಂದೆ ಎಲ್ಲಾದರೂ ಕೆಮ್ಮನ್ನೋ ತಪ್ಪನ್ನೋ ಕತ್ತರಿಸಿದರೆ ಆ ಜಾಗಕ್ಕೆ ಅದೇ ಮೌನದ ತೇಪೆ ಹಾಕುತ್ತಾರೆ. "ಒಂದೊಂದು ಕೋಣೆಗೂ ಅದರದ್ದೇ ಮೌನ ಇರುತ್ತೆ ಅಮ್ಮ. ಬೇರೆ ಕಡೆಯದು ತಂದು ಹಾಕಿದ್ರೆ ಕಿವಿಗೆ ಚುಚ್ಚುತ್ತೆ. ನಮ್ಮವರು ಬಿಟ್ಟು ಬೇರೆಯವರಿಗೆ ಇದು ಗೊತ್ತೇ ಇರಲ್ಲ."

"ಮೇಷ್ಟ್ರ ದನಿ ಹಿಡಿದ ದಿನ ಅಲ್ಲಾಡದೆ ಕೂತವರು ಯಾರ್ಯಾರು?"

"ನಾನು, ಮೇಷ್ಟ್ರು. ವಾರ್ತಕ್ಕ ಇದ್ರು. ಮೇಷ್ಟ್ರನ್ನ ಕರ್ಕೊಂಡು ಬಂದಿದ್ದ ಮಗ ಬಾಗಿಲ ಹತ್ರ ಸ್ಟೂಲಿನ ಮೇಲೆ ಕೂತಿದ್ದ."

"ನಿನ್ನ ಸ್ಟುಡಿಯೋದಲ್ಲಿ ತಣ್ಣಗೆ ನೀರು ಸಿಗುತ್ತಾ?"

ಮೈಕಣ್ಣ ನನ್ನ ಮುಖ ನೋಡಿದ. ಅತ್ತೆಗೆ ಬಿಸಿಲು ಹೊಡೆಯಿತೇ ಎಂಬಂತಿತ್ತು ನೋಟ. "ಎಲ್ಲಿಂದ ಬರ್ಬೇಕು? ಮೋಟಾರಿರೋ ಒಂದು ಸಾಮಾನೂ ಅದರ ಆಸುಪಾಸಿಗೆ ಬಿಡಲ್ಲ ನಾನು."

ಅತ್ತೆ ಎದ್ದು ಸೆರಗು ಕೊಡವಿದಳು. "ಕಾರ್ಡು ತಗೊಂಡು ನೀನೂ ಬಾ. ಏನೇ, ನಡಿ. ನಮ್ಮನೆ ಫ್ರಿಜ್ಜು ಕೆಟ್ಟಿದೆ."

ನಮ್ಮ ಮನೆಯ ಫ್ರಿಜ್ಜು ಕಲ್ಲುಗುಂಡಿನ ಹಾಗಿದೆ. ದಾರಿಯುದ್ದಕ್ಕೂ ಕೇಳಿದೆ, ಪೀಡಿಸಿದೆ, ಗೋಗರೆದೆ. ಅತ್ತೆ ಕಿವಿಯ ಯಂತ್ರ ತೆಗೆದು ಚೀಲಕ್ಕೆ ಹಾಕಿಕೊಂಡು ಹಾಯಾಗಿ ನಡೆದಳು. ಬೇಡದ ಮಾತು ಬಂದಾಗ ಅವಳ ಉಪಾಯ ಇದೇ.

ಅಂಗಡಿಯಲ್ಲಿ ಗೋಡೆಗೊರಗಿಸಿದ ಫ್ರಿಜ್ಜುಗಳು, ಬಾಗಿಲು ಕಳಚಿದವು, ಬೆನ್ನು ಬಿಚ್ಚಿದವು. ಗುಂಯ್‌ಗುಡುವ ಒಂದು, ಗೊರಗುಡುವ ಇನ್ನೊಂದು, ನಡುನಡುವೆ ಟಕ್ಕೆಂದು ಬೆಚ್ಚಿಬೀಳುವ ಮತ್ತೊಂದು. ಅತ್ತೆ ಯಂತ್ರವನ್ನು ಕಿವಿಗೆ ಹಾಕಿಕೊಂಡವಳೇ ಮುಖ ಕಿವುಚಿದಳು.

"ಈ ಗಲಾಟೆಯಲ್ಲಿ ದಿನವಿಡೀ ಹೇಗಿರ್ತೀಯಪ್ಪ?"

ಮೇಷ್ಟ್ರ ಮಗ ಸುತ್ತಲೂ ನೋಡಿದ. ರಸ್ತೆಯ ಕಡೆ ನೋಡಿದ. "ಯಾವ ಗಲಾಟೆ?" ಎಂದ. ಅವನು ನಟಿಸುತ್ತಿರಲಿಲ್ಲ.

"ಅಷ್ಟೇ ಬೇಕಾಗಿತ್ತು ನನಗೆ," ಎಂದು ಅತ್ತೆ ಸ್ಟೂಲು ಎಳೆದುಕೊಂಡು ಕೂತಳು. "ಕಳ್ಳ ನೀನೇ ಕಣಪ್ಪ."

ನಾನು ನಂಬಲಿಲ್ಲ. ಅಪ್ಪನ ದನಿಯನ್ನು ಮಗನೇ ಕದಿಯುವುದೆಂದರೆ ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಅವನು ಕೈಯಲ್ಲಿದ್ದ ಸ್ಪ್ಯಾನರು ಕೆಳಗಿಟ್ಟ.

"ಹಾಸಿನ ಕೆಳಗೆ ಸಿಕ್ಕಿದ ಕಾರ್ಡಿನಲ್ಲಿ ಇರೋದು ನಿಮ್ಮಪ್ಪನ ದನಿ ಅಲ್ಲ, ನಿನ್ನದು," ಅತ್ತೆ ಮುಂದುವರಿಸಿದಳು. "ಫೋನಿನಲ್ಲಿ ಇವಳು ಎಷ್ಟು ಸಲ ಮೋಸ ಹೋಗಿಲ್ಲ? ಮಾತಿನಲ್ಲಿ ನೀನು ಎಲ್ಲೂ ಸಿಕ್ಕಿಬೀಳಲಿಲ್ಲ, ನಿಮ್ಮಪ್ಪ ಹೇಳಿದ್ದನ್ನ ಹಾಗೇ ಹೇಳಿದ್ದೀಯ. ಅವತ್ತು ಸ್ಟುಡಿಯೋದಲ್ಲಿ ಮೈಕಣ್ಣ ಮಾಡಿದ್ದನ್ನ ನೀನು ನೋಡಿದ್ದೆ. ಒಂದೂ ಬಿಡಬಾರದು ಅಂತ ಕೊನೆಯ ಮೌನವನ್ನೂ ಹಿಡಿದೆ. ಬೇರೆ ಯಾವ ಕಳ್ಳನೂ ಮಾತು ಮುಗಿದ ಕೂಡಲೇ ನಿಲ್ಲಿಸಿಬಿಡ್ತಿದ್ದ. ನೀನು ಅಚ್ಚುಕಟ್ಟಿನ ಮನುಷ್ಯ, ಅದಕ್ಕೇ ಸಿಕ್ಕಿಬಿದ್ದೆ. ಆ ಮೌನದಲ್ಲಿ ಟಕ್ ಅಂತ ಒಂದು ಫ್ರಿಜ್ಜು ಶುರುವಾಗುತ್ತೆ, ಗುಂಯ್‌ ಅನ್ನುತ್ತೆ. ಯಾರಿಗಾದರೂ ಕೇಳಿಸ್ತಿತ್ತು. ನಿನಗೆ ಕೇಳಿಸಲಿಲ್ಲ. ಯಾಕೆಂದ್ರೆ ನಿನಗೆ ಅದೇ ಮೌನ."

ಮೈಕಣ್ಣ ಅವಸರದಲ್ಲಿ ಹೆಡ್‌ಫೋನು ಹಾಕಿಕೊಂಡು ಕೊನೆಯ ಭಾಗ ಕೇಳಿದ. ಅವನ ಕಿವಿ ಕೆಂಪಾಯಿತು. ಮೌನವನ್ನು ಹಿಡಿಯುವುದೇ ಅವನ ಕಸುಬು, ಆದರೆ ಅದನ್ನು ಕೂತು ಕೇಳಿದವನಲ್ಲ.

"ಎಲ್ಲ ಬಂದ್ ಮಾಡಿದ್ದೆ," ಎಂದ ಮೇಷ್ಟ್ರ ಮಗ ಕಡೆಗೂ. "ಆ ಮೂಲೆಯದು ಔಷಧಿ ಅಂಗಡಿಯವರದು. ಒಳಗೆ ಮದ್ದಿದೆ, ಆರಿಸೋ ಹಾಗಿಲ್ಲ. ನಾನು ಮಾತಾಡುವಾಗ ಅದು ಸುಮ್ಮನಿತ್ತು."

"ಯಾರು ಅನ್ನೋದನ್ನ ಫ್ರಿಜ್ಜು ಹೇಳ್ತು. ಯಾಕೆ ಅನ್ನೋದನ್ನ ನೀನು ಹೇಳ್ಬೇಕು."

ಅವನು ಎದ್ದು, ಕೆಟ್ಟು ನಿಂತಿದ್ದ ಹಳೆಯ ಫ್ರಿಜ್ಜೊಂದರ ಐಸು ಖಾನೆಯಿಂದ ಡಬ್ಬಿ ತೆಗೆದು ತಂದ. ಎರಡು ಕಾರ್ಡೂ ಇದ್ದವು. ಒಂದನ್ನು ಮೈಕಣ್ಣನ ಕೈಗಿಟ್ಟು, "ನೀವೇ ಕೇಳಿ," ಎಂದ.

ಮೈಕಣ್ಣ ತನ್ನ ಪುಟ್ಟ ಯಂತ್ರಕ್ಕೆ ಹಾಕಿದ. "ಅಲ್-ಹದ್ರ್." ಈ ಮೊದಲು ಕೇಳಿದಾಗ ನನ್ನ ಕಿವಿಗೆ ಎರಡೂ ಒಂದೇ ಆಗಿತ್ತು. ಒಂದೇ ದಿನ ಒಂದರ ಬೆನ್ನಿಗೊಂದು ಕೇಳಿದಾಗ ತಿಳಿಯಿತು. ಮೇಷ್ಟ್ರ ಹಕಾರ ಗಂಟಲಿನ ಆಳಕ್ಕೆ ಇಳಿದಿರಲೇ ಇಲ್ಲ. ಬಾಯಲ್ಲೇ ಹುಟ್ಟಿ ಬಾಯಲ್ಲೇ ಹೋಗಿತ್ತು. ನಗುವಾಗ ಬರುವ ಹ.

"ಗಡ್ಡೆ ಅಲ್ಲೇ ಇತ್ತು," ಎಂದ ಮಗ. "ಆ ದಿನ ಇನ್ನೊಂದ್ ಸಲ, ಇನ್ನೊಂದ್ ಸಲ ಅಂತ ಎಷ್ಟು ಸಲ ಹೇಳಿದ್ರು. ನಿಮಗೆ ಯಾರಿಗೂ ಗೊತ್ತಾಗಲಿಲ್ಲ. ಅವರಿಗೆ ಗೊತ್ತಾಯ್ತು. ಮನೆಗೆ ಬಂದು ಊಟ ಮಾಡಲಿಲ್ಲ. ನಾಳೆ ಅವರ ಶಿಷ್ಯರೆಲ್ಲ ಬರ್ತಾರೆ. ಈ ಹ ಬರಲಿಲ್ಲ ಅಂತ ಎಷ್ಟು ಜನರನ್ನ ತರಗತಿಯಿಂದ ಆಚೆ ಕಳಿಸಿದ್ದಾರೆ ಅವರು! ನನ್ನನ್ನೂ ಕಳಿಸಿದ್ರು. 'ನಿನ್ನ ಗಂಟಲಿಗೆ ಇದು ಬರೋದಲ್ಲ, ಹೋಗು' ಅಂದ್ರು."

"ಮತ್ತೆ ಕಲಿತದ್ದು?"

"ಆಚೆ ನಿಲ್ಲಿಸಿದ್ರೆ ಕಿಟಕಿ ಇರಲ್ವಾ?"

ಬೆಳಕು ಹರಿಯುವ ಮೊದಲೇ ಅಂಗಡಿಗೆ ಇಳಿದು ಫೋನಿನಲ್ಲಿ ಮುದ್ರಿಸಿಕೊಂಡನಂತೆ. ಯಾರೂ ಗುಂಡಿ ಒತ್ತುವ ಮೊದಲು ಬೂತಿನಲ್ಲಿ ಇಟ್ಟುಬಿಡುವ ಯೋಚನೆ. ಆದರೆ ಸರಿಯಾಗಿ ಬರುವಷ್ಟರಲ್ಲಿ ಹೊತ್ತಾಯಿತು, ನಾನು ಅವನಿಗಿಂತ ಮೊದಲು ಹೋಗಿ ಒತ್ತಿದ್ದೆ. ತಿರುಪು ಬಿಗಿ ಮಾಡುವ ನೆಪದಲ್ಲಿ ಹಾಸಿನಡಿ ಸೇರಿಸಬೇಕಾಯಿತು. ಮೈಕಣ್ಣನಿಗೆ ಉಳಿದೆಲ್ಲಕ್ಕಿಂತ ಹೆಚ್ಚು ನೋವಾದದ್ದು ಒಂದು ವಿಷಯಕ್ಕೆ. "ಫೋನಿನಲ್ಲಾ?" ಎಂದು ಎರಡು ಸಲ ಕೇಳಿದ.

ಆಗ ನಾನು ತಿರುಗಿ ನೋಡಿದೆ. ಮಹಡಿಯ ಮೆಟ್ಟಿಲ ಮೇಲೆ ಮೇಷ್ಟ್ರು ನಿಂತಿದ್ದರು. ಕೈ ಕಂಬಿ ಹಿಡಿದಿತ್ತು. ಎಲ್ಲವನ್ನೂ ಕೇಳಿದ್ದರು.

ಮಗ ತಲೆ ತಗ್ಗಿಸಿದ. ನನಗೆ ನಿಜಕ್ಕೂ ಹೆದರಿಕೆಯಾಯಿತು. ಮುಚ್ಚಿಟ್ಟುಕೊಂಡ ಸೋಲು ಹೀಗೆ ಪರರ ಮುಂದೆ ಬಯಲಾದರೆ ಯಾವ ಮನುಷ್ಯ ಸಹಿಸುತ್ತಾನೆ? ಅವರು ಒಂದೊಂದೇ ಮೆಟ್ಟಿಲಿಳಿದು ಬಂದು ಮೈಕಣ್ಣನ ಯಂತ್ರದ ಮೇಲೆ ಬೆರಳಿಟ್ಟರು. ಹಾಕು ಎಂಬಂತೆ. ಮೈಕಣ್ಣ ಅವರ ಕಾರ್ಡನ್ನೇ ಮತ್ತೆ ಹಾಕಹೊರಟಾಗ ಬೇಡವೆಂದು ಕೈಯಾಡಿಸಿ, ಮಗನ ಕಾರ್ಡನ್ನು ತೋರಿಸಿದರು.

"ಅಲ್-ಹದ್ರ್," ಎಂದಿತು ಮಗನ ದನಿ.

ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಕೇಳಿದರು. ಇನ್ನೊಮ್ಮೆ ಎಂದು ಸನ್ನೆ ಮಾಡಿದರು. ಮತ್ತೊಮ್ಮೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಆ ಗಿಡ ಅಷ್ಟು ವರ್ಷ ಕಿಟಕಿಯ ಪಕ್ಕದಲ್ಲೇ ನಿಂತು ಬೆಳೆದಿತ್ತು. ಅವರ ಕಣ್ಣಂಚು ಒದ್ದೆಯಾಗಿ ಕನ್ನಡಕ ಮಸುಕಾಯಿತು. ತೆಗೆದು, ಹಳೆಯ ಅಭ್ಯಾಸದಂತೆ ಬಾಯಿಯ ಬಳಿ ತಂದು ತುಟಿ ತೆರೆದರು. ಉಸಿರು ಅಲ್ಲಿಂದ ಬರಲಿಲ್ಲ. ಕತ್ತಿನ ಬಿಳಿ ಬಟ್ಟೆ ಮಾತ್ರ ಅಲುಗಿತು. ಒಂದು ಗಳಿಗೆ ಹಾಗೇ ನಿಂತು, ಕನ್ನಡಕವನ್ನು ಮಗನ ಕಡೆ ಚಾಚಿದರು.

ಮಗ ಅದನ್ನು ಎರಡೂ ಕೈಯಿಂದ ತೆಗೆದುಕೊಂಡ. ಗಂಟಲಿನ ಆಳದಿಂದ ಉಸಿರು ತಂದು ಒಂದು ಗಾಜಿನ ಮೇಲೆ ಬಿಟ್ಟ, ಇನ್ನೊಂದರ ಮೇಲೆ ಬಿಟ್ಟ. ಅಂಗಿಯ ಅಂಚಿನಿಂದ ಒರೆಸಿ ಅಪ್ಪನ ಕಿವಿಗೆ ಸಿಕ್ಕಿಸಿದ. ಮೇಷ್ಟ್ರು ಅವನ ಮುಖವನ್ನು ನೋಡಿ, ತರಗತಿಯಲ್ಲಿ ಸರಿ ಹೇಳಿದವರಿಗೆ ಮಾಡುತ್ತಿದ್ದಂತೆ, ಒಂದೇ ಒಂದು ಸಲ ತಲೆದೂಗಿದರು. ನಾನು ಅತ್ತೆಯ ಸೆರಗಿನಲ್ಲಿ ಮೂಗು ಒರೆಸಿಕೊಂಡೆ. ಅವಳು ಬೈಯಲಿಲ್ಲ.

ಹಳೆಯ ಡಬ್ಬಿ ಮೇಷ್ಟ್ರ ಮನೆಯಲ್ಲೇ ಉಳಿಯಿತು. ಬೂತಿನ ಮೇಲೆ 'ದನಿ: ಮೇಷ್ಟ್ರು' ಎಂದು ಬರೆದಿದ್ದ ಫಲಕವನ್ನು ನಾನು ಅಂದು ಸಂಜೆಯೇ ಅಳಿಸಿ, 'ದನಿ: ಮೇಷ್ಟ್ರ ಮಗ' ಎಂದು ಬರೆದೆ. ಬರೆಯುವಾಗ ಮೇಷ್ಟ್ರು ಪಕ್ಕದಲ್ಲೇ ನಿಂತಿದ್ದರು. ಮುದ್ರಣದ ಕೊನೆಯ ಆ ಫ್ರಿಜ್ಜಿನ ಸದ್ದನ್ನು ಕತ್ತರಿಸುತ್ತೇನೆಂದು ಹೊರಟ ಮೈಕಣ್ಣನ ಕೈಯನ್ನು ಹಿಡಿದು ನಿಲ್ಲಿಸಿದವರೂ ಅವರೇ.

ಬೆಳಿಗ್ಗೆ ಬೂತಿನ ಮುಂದೆ ಸಾಲು ಬಾಗಿಲಾಚೆಗೂ ಬೆಳೆದಿತ್ತು. ಕನ್ನಡಕವಿದ್ದವರು ಕನ್ನಡಕದ ಮೇಲೆ, ಇಲ್ಲದವರು ಬೂತಿನ ಗಾಜಿನ ಮೇಲೆ ಉಸಿರು ಬಿಟ್ಟು ಬಿಟ್ಟು ಒಳಗಿರುವವರೇ ಕಾಣಿಸದ ಹಾಗೆ ಮಾಡಿದ್ದರು. ಮೇಷ್ಟ್ರು ಸಾಲಿನ ಪಕ್ಕ ಕುರ್ಚಿ ಹಾಕಿಸಿಕೊಂಡು, ತಪ್ಪು ಹೇಳಿದವರನ್ನು ಬೆರಳು ತೋರಿಸಿ ಸಾಲಿನ ಕೊನೆಗೆ ಕಳಿಸುತ್ತಿದ್ದರು. ವಾರ್ತಕ್ಕ ಆಗಲೇ ಮೂರನೆಯ ಸುತ್ತಿನಲ್ಲಿದ್ದಳು.

ನನ್ನ ಸರದಿ ಬಂದಾಗ ಗುಂಡಿ ಒತ್ತಿದೆ. ಹೆಸರು ಕೇಳಿದೆ, ಪಾಠ ಕೇಳಿದೆ, ಆಮೇಲೂ ಕಿವಿಗೊಟ್ಟು ನಿಂತೆ. ಟಕ್. ಗುಂಯ್‌.

ತಂಪು ಯಂತ್ರ ನೋಡಲು ಬಂದಿದ್ದ ಮೇಷ್ಟ್ರ ಮಗ ಬಾಗಿಲು ಸ್ವಲ್ಪ ತೆರೆದು ಇಣುಕಿದ. "ಮುಗೀತಲ್ಲಮ್ಮ," ಎಂದ. "ಇನ್ನೇನು ಕೇಳ್ತಾ ನಿಂತಿದ್ದೀರಿ?"